ಮುಟ್ಟು ನಿಂತ ಮೇಲೆ ಕಂಡ ಕಲೆ

ನಮ್ಮ ದೊಡ್ಡಮ್ಮನಿಗೆ ಮುಟ್ಟು ನಿಂತಿದ್ದು 49ನೇ ವಯಸ್ಸಿನಲ್ಲಿ. ಅದಾಗಿ ಹತ್ತು ವರ್ಷದ ಮೇಲೆ ಒಂದು ದಿನ ಬಟ್ಟೆ ಒಗೆಯುವಾಗ ಲಂಗದ ಮೇಲೆ ಕಂದು ಬಣ್ಣದ ಸಣ್ಣ ಕಲೆ ಕಂಡಿತು. ಒಂದು ರೂಪಾಯಿ ನಾಣ್ಯದಷ್ಟೂ ಇರಲಿಲ್ಲವಂತೆ. ಆ ವಾರ ಮಾವಿನಹಣ್ಣು ಜಾಸ್ತಿ ತಿಂದಿದ್ದರು. ಉಷ್ಣ ಆಗಿರಬೇಕು ಅಂದುಕೊಂಡರು. ಜೀರಿಗೆ ನೀರು, ಮಜ್ಜಿಗೆ, ನೆನೆಸಿದ ಮೆಂತ್ಯ ಶುರುವಾಯಿತು. ಎರಡು ತಿಂಗಳು ಕಲೆ ಕಾಣಲಿಲ್ಲ. ಮೆಂತ್ಯ ಕೆಲಸ ಮಾಡಿತು ಅಂತ ನಂಬಿದರು. ಮತ್ತೆ ಬಂತು, ಮತ್ತೆ ಹೋಯಿತು. "ಈ ವಯಸ್ಸಲ್ಲಿ ಇದನ್ನೆಲ್ಲ ಯಾರ ಹತ್ರ ಹೇಳೋದು ಮಗಾ" ಅಂತ ಆಮೇಲೆ ನನಗೆ ಹೇಳಿದರು. ಸೊಸೆಗೆ ವಿಷಯ ಗೊತ್ತಾಗುವ ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು.

ಅದು ಗರ್ಭಕೋಶದ ಒಳಪದರದ ಕ್ಯಾನ್ಸರ್. ಡಾಕ್ಟರುಗಳ ಭಾಷೆಯಲ್ಲಿ ಎಂಡೋಮೆಟ್ರಿಯಲ್ ಕ್ಯಾನ್ಸರ್. ದೊಡ್ಡಮ್ಮ ಇವತ್ತು ಚೆನ್ನಾಗಿದ್ದಾರೆ, ಆಪರೇಷನ್ ಆಗಿ ಆರು ವರ್ಷವಾಯಿತು. ಆದರೆ ಆ ಎಂಟು ತಿಂಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಹಿಂಡುತ್ತದೆ. ಅಂಡಾಶಯದ ಕ್ಯಾನ್ಸರ್ ಹೊಟ್ಟೆಯೊಳಗೆ ಸದ್ದಿಲ್ಲದೆ ಬೆಳೆಯುತ್ತದೆ, ಗೊತ್ತಾಗುವಾಗ ತಡವಾಗಿರುತ್ತದೆ. ಇದು ಹಾಗೆ ಮಾಡುವುದಿಲ್ಲ. ಶುರುವಿನಲ್ಲೇ ರಕ್ತ ತೋರಿಸಿ ಹೇಳುತ್ತದೆ. ಹೇಳಿದ್ದನ್ನು ಕೇಳಿಸಿಕೊಳ್ಳುವವರು ಬೇಕು, ಅಷ್ಟೇ.

2018ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ ಬಂತು. ಈ ಕ್ಯಾನ್ಸರ್ ಬಂದ ಹೆಂಗಸರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿಕೊಂಡಿತ್ತು. ಅದೇ ಲೆಕ್ಕವನ್ನು ತಿರುಗಿಸಿದರೆ ಸಮಾಧಾನವೂ ಇದೆ. ಮುಟ್ಟು ನಿಂತ ಮೇಲೆ ರಕ್ತ ಕಂಡ ನೂರು ಹೆಂಗಸರನ್ನು ಪರೀಕ್ಷೆ ಮಾಡಿದರೆ ಕ್ಯಾನ್ಸರ್ ಸಿಗುವುದು ಸುಮಾರು ಒಂಬತ್ತು ಮಂದಿಯಲ್ಲಿ. ಉಳಿದವರಲ್ಲಿ ಒಳಪದರ ತೆಳುವಾಗಿ ಒಣಗಿದ್ದಕ್ಕೋ, ಪಾಲಿಪ್ ಅನ್ನುವ ಸಣ್ಣ ಗಂಟಿಗೋ, ತೆಗೆದುಕೊಳ್ಳುತ್ತಿರುವ ಹಾರ್ಮೋನ್ ಮಾತ್ರೆಗೋ ರಕ್ತ ಬಂದಿರುತ್ತದೆ. ಹಾಗಾಗಿ ಕಲೆ ಕಂಡ ತಕ್ಷಣ ಎದೆ ಒಡೆದುಕೊಳ್ಳಬೇಕಾಗಿಲ್ಲ. ಆದರೆ ಆ ಒಂಬತ್ತು ಮಂದಿ ಯಾರು ಅಂತ ಹೊರಗಿನಿಂದ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಕಲೆ ಒಂದೇ ಸಲ ಕಂಡಿದ್ದರೂ, ಬರೀ ಕಂದು ಬಣ್ಣದ್ದಿದ್ದರೂ, ನೀರಿನಂತೆ ತೆಳುವಾಗಿ ಕೆಂಪಾಗಿದ್ದರೂ ಪರೀಕ್ಷೆ ಬೇಕು. ಒಂದು ವರ್ಷ ಪೂರ್ತಿ ಮುಟ್ಟಾಗದೆ ಇದ್ದರೆ ಮುಟ್ಟು ನಿಂತಿದೆ ಅಂತ ಲೆಕ್ಕ. ಆಮೇಲೆ ಕಾಣುವ ಯಾವ ರಕ್ತವೂ "ಮತ್ತೆ ಮುಟ್ಟು ಶುರುವಾಯ್ತು" ಅನ್ನುವುದಕ್ಕೆ ಸೇರುವುದಿಲ್ಲ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮಲ್ಲಿ ಕೆಳಹೊಟ್ಟೆಯ ಯಾವ ಕ್ಯಾನ್ಸರ್ ಆದರೂ "ಗರ್ಭಕೋಶದ ಕ್ಯಾನ್ಸರ್" ಅಂದುಬಿಡುತ್ತೇವೆ. ಗರ್ಭಕೋಶವನ್ನು ತಲೆಕೆಳಗಾಗಿ ಹಿಡಿದ ಚೆಂಬು ಅಂದುಕೊಳ್ಳಿ. ಚೆಂಬಿನ ಕತ್ತಿಗೆ ಬರುವುದು ಗರ್ಭಕಂಠದ ಕ್ಯಾನ್ಸರ್. ಅದರ ಹಿಂದೆ ಎಚ್‌ಪಿವಿ ಅನ್ನುವ ವೈರಸ್ ಇರುತ್ತದೆ, ಅದಕ್ಕೆ ಲಸಿಕೆ ಇದೆ, ಕತ್ತಿನ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪ್ಯಾಪ್ ಟೆಸ್ಟ್ ಇದೆ. ಚೆಂಬಿನ ಒಳಮೈಗೆ ಬರುವುದು ನಾನು ಹೇಳುತ್ತಿರುವ ಕ್ಯಾನ್ಸರ್. ಇದಕ್ಕೂ ಆ ವೈರಸ್‌ಗೂ ಸಂಬಂಧ ಇಲ್ಲ. ಆ ಲಸಿಕೆ ಇದನ್ನು ತಡೆಯುವುದಿಲ್ಲ. ಪ್ಯಾಪ್ ಟೆಸ್ಟ್ ಇದನ್ನು ಹುಡುಕುವ ಪರೀಕ್ಷೆಯೂ ಅಲ್ಲ. "ಹೋದ ವರ್ಷ ಪ್ಯಾಪ್ ಮಾಡಿಸಿದ್ದೆ, ನಾರ್ಮಲ್ ಬಂದಿತ್ತು" ಅಂತ ರಕ್ತ ಕಂಡರೂ ಸುಮ್ನೆ ಕೂತ ವಿದ್ಯಾವಂತ ಹೆಂಗಸರೂ ಇದ್ದಾರೆ. ಕತ್ತನ್ನು ನೋಡಿ ಒಳಮೈ ಚೆನ್ನಾಗಿದೆ ಅಂತ ಹೇಳಿದ ಹಾಗಾಯಿತು.

ಇಂಡಿಯಾದಲ್ಲಿ ಗರ್ಭಕಂಠದ ಕ್ಯಾನ್ಸರ್ ಎಷ್ಟು ದೊಡ್ಡದಿದೆ ಅಂದರೆ, ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು. ಅದರ ನೆರಳಿನಲ್ಲಿ ಒಳಪದರದ ಕ್ಯಾನ್ಸರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಜಗತ್ತಿನ ಲೆಕ್ಕ ತೆಗೆದರೆ 2022ರಲ್ಲಿ ಸುಮಾರು 4.2 ಲಕ್ಷ ಹೆಂಗಸರಿಗೆ ಇದು ಬಂತು, 97 ಸಾವಿರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅಮೆರಿಕದಲ್ಲಿ ಹೆಂಗಸರ ಜನನಾಂಗಕ್ಕೆ ಸಂಬಂಧಿಸಿದ ಕ್ಯಾನ್ಸರ್‌ಗಳಲ್ಲಿ ಇದೇ ಮೊದಲನೆಯದು. ಬೆಂಗಳೂರಿನಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು ಅಂತ ಕಿದ್ವಾಯಿ ಸಂಸ್ಥೆ 1982ರಿಂದ ಲೆಕ್ಕ ಇಡುತ್ತಾ ಬಂದಿದೆ. ಆ ದಾಖಲೆಯಲ್ಲಿ ಗರ್ಭಕಂಠದ ಗೆರೆ ನಿಧಾನವಾಗಿ ಇಳಿಯುತ್ತಿದೆ. ಸ್ತನದ ಗೆರೆಯೂ ಗರ್ಭಕೋಶದ ಒಡಲಿನ ಗೆರೆಯೂ ಏರುತ್ತಿವೆ. ಏರುತ್ತಿರುವುದು ಯಾಕೆ ಅಂತ ತಿಳಿಯಬೇಕಾದರೆ ಆ ಒಳಪದರ ತಿಂಗಳು ತಿಂಗಳು ಏನು ಮಾಡುತ್ತದೆ ಅಂತ ನೋಡಬೇಕು.

ಅದನ್ನು ಒಂದು ಗದ್ದೆ ಅನ್ನಿ. ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಪೈರು ಬೆಳೆಸುತ್ತದೆ. ತಿಂಗಳ ಅರ್ಧದಲ್ಲಿ ಅಂಡಾಶಯದಿಂದ ಮೊಟ್ಟೆ ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಬರುತ್ತದೆ. ಅದು ಬೆಳೆಯುವುದನ್ನು ನಿಲ್ಲಿಸಿ ಪೈರನ್ನು ಮಾಗಿಸುತ್ತದೆ. ಬಸಿರು ನಿಲ್ಲದಿದ್ದರೆ ಕೊಯ್ಲು. ಆ ಕೊಯ್ಲೇ ಮುಟ್ಟು. ಹಳೆಯದು ಹೋಗಿ ಗದ್ದೆ ಖಾಲಿಯಾಗುತ್ತದೆ, ಮತ್ತೆ ಹೊಸದಾಗಿ ಶುರು. ಬೆಳೆಸುವವಳು ಮಾತ್ರ ಇದ್ದು ಮಾಗಿಸುವವಳು ಬರದೇ ಹೋದರೆ ಏನಾಗುತ್ತದೆ? ಪೈರು ಬೆಳೆಯುತ್ತಲೇ ಹೋಗುತ್ತದೆ, ದಟ್ಟವಾಗುತ್ತದೆ. ಇದನ್ನು ಹೈಪರ್‌ಪ್ಲೇಸಿಯಾ ಅನ್ನುತ್ತಾರೆ. ಬರೀ ದಟ್ಟವಾಗಿದ್ದು ಜೀವಕೋಶಗಳ ಆಕಾರ ಕೆಟ್ಟಿಲ್ಲದಿದ್ದರೆ, 20 ವರ್ಷದಲ್ಲಿ ಕ್ಯಾನ್ಸರ್‌ಗೆ ತಿರುಗುವುದು ನೂರರಲ್ಲಿ ಐದಕ್ಕೂ ಕಡಿಮೆ ಮಂದಿಗೆ. ಆಕಾರ ಕೆಟ್ಟಿದ್ದರೆ, ಅದನ್ನು ಅಟಿಪಿಯಾ ಅನ್ನುತ್ತಾರೆ, ಆಗ ಲೆಕ್ಕವೇ ಬೇರೆ. ಅಂಥವರಲ್ಲಿ ಮೂರರಲ್ಲಿ ಒಬ್ಬರಿಗೆ ಆಪರೇಷನ್ ಮಾಡಿ ನೋಡುವಾಗ ಪಕ್ಕದಲ್ಲೇ ಕ್ಯಾನ್ಸರ್ ಇರುವ ಸಾಧ್ಯತೆ ಇರುತ್ತದೆ. ಒಳಪದರದ ಚೂರು ತೆಗೆದು ಮಾಡುವ ಪರೀಕ್ಷೆಯ, ಅಂದರೆ ಬಯಾಪ್ಸಿಯ ರಿಪೋರ್ಟಿನಲ್ಲಿ ಆ ಒಂದು ಪದ ಇದೆಯೋ ಇಲ್ಲವೋ ಅಂತ ನೋಡಿಕೊಳ್ಳುವುದು ಅದಕ್ಕೇ ಮುಖ್ಯ.

ಈ ಗದ್ದೆಯ ಲೆಕ್ಕವನ್ನು ಜಗತ್ತು ಕಲಿತದ್ದು ಬೆಲೆ ತೆತ್ತು. 1960 ಮತ್ತು 70ರ ದಶಕಗಳಲ್ಲಿ ಅಮೆರಿಕದಲ್ಲಿ ಮುಟ್ಟು ನಿಂತ ಹೆಂಗಸರಿಗೆ ಮೈ ಬಿಸಿಯಾಗುವುದು, ಬೆವರುವುದು ನಿಲ್ಲಲಿ ಅಂತ ಬರೀ ಈಸ್ಟ್ರೋಜನ್ ಮಾತ್ರೆ ಧಾರಾಳವಾಗಿ ಕೊಟ್ಟರು. ಆ ಮಾತ್ರೆಗೂ ಒಳಪದರದ ಕ್ಯಾನ್ಸರ್‌ಗೂ ನಂಟು ಇದೆ ಅಂತ 1975ರ ಡಿಸೆಂಬರಿನಲ್ಲಿ ಒಂದೇ ಪತ್ರಿಕೆಯಲ್ಲಿ ಎರಡು ಅಧ್ಯಯನಗಳು ಒಟ್ಟಿಗೆ ಬಂದವು. ಅಲ್ಲಿಂದೀಚೆಗೆ ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಕೊಟ್ಟರೆ ಜೊತೆಗೆ ಪ್ರೊಜೆಸ್ಟರಾನ್ ಜಾತಿಯ ಔಷಧವನ್ನೂ ಕೊಡಲೇಬೇಕು ಅನ್ನುವುದು ನಿಯಮವಾಯಿತು.

ಮಾತ್ರೆ ನುಂಗದೆಯೇ ದೇಹದಲ್ಲಿ ಈಸ್ಟ್ರೋಜನ್ ಹೆಚ್ಚಾಗುವ ದಾರಿ ಇನ್ನೊಂದಿದೆ. ಅದು ಕೊಬ್ಬು. ಮುಟ್ಟು ನಿಂತ ಮೇಲೆ ಅಂಡಾಶಯ ಕೆಲಸ ನಿಲ್ಲಿಸಿದರೂ ದೇಹದ ಕೊಬ್ಬು ಬೇರೆ ಹಾರ್ಮೋನುಗಳನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತಾ ಇರುತ್ತದೆ. ಕೊಬ್ಬು ಜಾಸ್ತಿಯಿದ್ದಷ್ಟೂ ಈಸ್ಟ್ರೋಜನ್ ಜಾಸ್ತಿ. ಮಾಗಿಸುವ ಪ್ರೊಜೆಸ್ಟರಾನ್ ಮಾತ್ರ ಬರುವುದಿಲ್ಲ. ಬೊಜ್ಜು ಇರುವವರಿಗೆ ಈ ಕ್ಯಾನ್ಸರ್ ಬರುವ ಸಾಧ್ಯತೆ ಎರಡರಿಂದ ನಾಲ್ಕು ಪಟ್ಟು ಹೆಚ್ಚು. ತುಂಬಾ ಬೊಜ್ಜಿದ್ದರೆ ಇನ್ನೂ ಹೆಚ್ಚು. ತೂಕದ ಜೊತೆ ಇಷ್ಟು ಗಟ್ಟಿಯಾದ ನಂಟು ಬೇರೆ ಕ್ಯಾನ್ಸರ್‌ಗಳಲ್ಲಿ ಕಾಣುವುದು ಅಪರೂಪ. ಸಕ್ಕರೆ ಕಾಯಿಲೆಯೂ ಇದಕ್ಕೆ ಸೇರಿಕೊಳ್ಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿ ತೂಕ ಹೆಚ್ಚಿರುವವರು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 23ರ ಆಸುಪಾಸಿನಲ್ಲಿತ್ತು.

ಮಕ್ಕಳ ಲೆಕ್ಕವೂ ಇದೆ. ಬಸಿರಿನ ಒಂಬತ್ತು ತಿಂಗಳು ಪ್ರೊಜೆಸ್ಟರಾನ್ ತುಂಬಿ ತುಳುಕುತ್ತಿರುತ್ತದೆ. ಗದ್ದೆಗೆ ಅದು ದೊಡ್ಡ ವಿಶ್ರಾಂತಿ. ನಮ್ಮ ಅಜ್ಜಿಯರು ಏಳೆಂಟು ಹೆತ್ತವರು. ಈಗ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಆಯಸ್ಸೂ ಹೆಚ್ಚಿದೆ. ಇವೆಲ್ಲ ಒಳ್ಳೆಯ ಬದಲಾವಣೆಗಳೇ, ಹಿಂದಕ್ಕೆ ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ಆದರೆ ಅದರ ಜೊತೆಗೇ ಈ ಕ್ಯಾನ್ಸರ್‌ನ ಸಂಖ್ಯೆಯೂ ಏರುತ್ತದೆ ಅಂತ ಗೊತ್ತಿರಬೇಕು. ಗರ್ಭನಿರೋಧಕ ಮಾತ್ರೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಐದು ವರ್ಷ ತೆಗೆದುಕೊಂಡರೆ ಈ ಕ್ಯಾನ್ಸರ್‌ನ ಸಾಧ್ಯತೆ ಸುಮಾರು ಕಾಲು ಭಾಗ ಇಳಿಯುತ್ತದೆ, ನಿಲ್ಲಿಸಿದ ಮೇಲೂ ದಶಕಗಳ ತನಕ ಆ ರಕ್ಷಣೆ ಉಳಿಯುತ್ತದೆ.

ಪಿಸಿಒಡಿ ಇರುವ ಹುಡುಗಿಯರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅವರಲ್ಲಿ ಮೊಟ್ಟೆ ಹೊರಬೀಳುವುದು ತಪ್ಪುತ್ತದೆ, ಹಾಗಾಗಿ ಪ್ರೊಜೆಸ್ಟರಾನ್ ಬರುವುದೂ ತಪ್ಪುತ್ತದೆ. ಮೂರು ತಿಂಗಳು, ಆರು ತಿಂಗಳು ಮುಟ್ಟೇ ಆಗದೆ ಇರುತ್ತದೆ. "ಆಗದಿದ್ದರೆ ಆರಾಮ ಅಲ್ವಾ" ಅನ್ನುವವರಿದ್ದಾರೆ. ಕೊಯ್ಲಿಲ್ಲದ ಗದ್ದೆ ಅದು. ಈ ಹುಡುಗಿಯರಿಗೆ ಮುಂದೆ ಒಳಪದರದ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಮೂರು ಪಟ್ಟು ಅಂತ ಅಧ್ಯಯನಗಳು ಹೇಳುತ್ತವೆ. ಮೂಲ ಸಂಖ್ಯೆಯೇ ಚಿಕ್ಕದು, ಹೆದರುವ ಕಾರಣ ಇಲ್ಲ. ಆದರೆ ಡಾಕ್ಟರು ಎರಡು ಮೂರು ತಿಂಗಳಿಗೊಮ್ಮೆ ಮುಟ್ಟು ತರಿಸಲು ಮಾತ್ರೆ ಕೊಟ್ಟರೆ ಅದಕ್ಕೆ ಕಾರಣ ಇದೆ. ಮದುವೆಗೆ ಮುಂಚೆ ಹಾರ್ಮೋನ್ ಮಾತ್ರೆ ಬೇಡ ಅಂತ ಮನೆಯವರು ಅದನ್ನು ಕಸದ ಬುಟ್ಟಿಗೆ ಹಾಕಬಾರದು.

ಇಷ್ಟು ಓದಿ "ದಪ್ಪ ಇರುವವರಿಗೆ ಬರುವ ಕಾಯಿಲೆ" ಅಂತ ತೀರ್ಮಾನಿಸಿದರೆ ದೊಡ್ಡ ತಪ್ಪಾಗುತ್ತದೆ. ಇದರಲ್ಲೇ ಸೀರಸ್ ಅನ್ನುವ ಒಂದು ಜಾತಿ ಇದೆ. ಈಸ್ಟ್ರೋಜನ್ ಜೊತೆ ಅದರ ನಂಟು ಕಡಿಮೆ, ತೆಳ್ಳಗಿರುವ ವಯಸ್ಸಾದ ಹೆಂಗಸರಿಗೂ ಬರುತ್ತದೆ. ಬಂದವರಲ್ಲಿ ಅದರ ಪಾಲು ಹತ್ತರಲ್ಲಿ ಒಂದು ಮಾತ್ರ, ಆದರೆ ಸಾವುಗಳಲ್ಲಿ ಅದರ ಪಾಲು ಬಹಳ ದೊಡ್ಡದು. ಇನ್ನು ತೂಕ ಹೆಚ್ಚಿರುವ ಹೆಂಗಸು ಡಾಕ್ಟರ ಹತ್ತಿರ ಹೋದಾಗ ಮೊದಲು ಬೈಸಿಕೊಳ್ಳುವುದು ತೂಕದ ಬಗ್ಗೆ. ಆ ಬೈಗುಳಕ್ಕೆ ಅಂಜಿ ಹೋಗದೆ ಕೂತವರನ್ನು ನಾನು ಬಲ್ಲೆ. ತೂಕ ಕಾರಣ ಇರಬಹುದು, ಅಪರಾಧ ಅಲ್ಲ.

ಮನೆತನದ ವಿಷಯವೂ ಬರುತ್ತದೆ. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಅನ್ನುವ ವೈದ್ಯರಿಗೆ, ಅವರ ಮನೆಗೆ ಬಟ್ಟೆ ಹೊಲಿಯುತ್ತಿದ್ದ ಹೆಣ್ಣುಮಗಳು ಒಂದು ಮಾತು ಹೇಳಿದಳು. ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆಯ, ಕರುಳಿನ, ಗರ್ಭಕೋಶದ ಕ್ಯಾನ್ಸರ್‌ನಿಂದಲೇ ಸಾಯುತ್ತಾರೆ, ನಾನೂ ಚಿಕ್ಕ ವಯಸ್ಸಿನಲ್ಲೇ ಹಾಗೆ ಹೋಗುತ್ತೇನೆ ಅಂತ. ವಾರ್ಥಿನ್ ಆ ಮಾತನ್ನು ತಳ್ಳಿಹಾಕಲಿಲ್ಲ. ಅವಳ ನೆರವಿನಿಂದಲೇ ಆ ಮನೆತನದ ವಂಶವೃಕ್ಷ ಬರೆದು 1913ರಲ್ಲಿ ಪ್ರಕಟಿಸಿದರು. ಅವಳು ಹೇಳಿದಂತೆಯೇ ಒಳಪದರದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಈಗ ಅದನ್ನು ಲಿಂಚ್ ಸಿಂಡ್ರೋಮ್ ಅನ್ನುತ್ತಾರೆ. ಜೀವಕೋಶದಲ್ಲಿ ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ಜೀನ್ ಕೆಟ್ಟಿರುವ ಮನೆತನಗಳು ಇವು. ಒಳಪದರದ ಕ್ಯಾನ್ಸರ್ ಬಂದ ನೂರು ಮಂದಿಯಲ್ಲಿ ಸುಮಾರು ಮೂವರು ಇಂಥ ಮನೆಯವರು. ಅಮ್ಮನಿಗೆ ಗರ್ಭಕೋಶದ ಕ್ಯಾನ್ಸರ್, ಸೋದರಮಾವನಿಗೆ ಐವತ್ತರೊಳಗೆ ದೊಡ್ಡಕರುಳಿನ ಕ್ಯಾನ್ಸರ್ ಅಂತ ಇದ್ದರೆ ಎರಡನ್ನೂ ಜೋಡಿಸಿ ಡಾಕ್ಟರಿಗೆ ಹೇಳಬೇಕು. ಯಾಕೆಂದರೆ ಇದರಿಂದ ಉಳಿಯುವುದು ರೋಗಿ ಒಬ್ಬರೇ ಅಲ್ಲ. ಅವರ ಅಣ್ಣತಮ್ಮಂದಿರು, ಮಕ್ಕಳು ಕಾಲಕ್ಕೆ ಸರಿಯಾಗಿ ಕರುಳಿನ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಸ್ತನ ಕ್ಯಾನ್ಸರ್‌ಗೆ ಟ್ಯಾಮೋಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೂ ಒಂದು ಮಾತು. ಮುಟ್ಟು ನಿಂತವರಲ್ಲಿ ಅದು ಒಳಪದರದ ಕ್ಯಾನ್ಸರ್‌ನ ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸುತ್ತದೆ. ಅದರಿಂದ ಆಗುವ ಉಪಕಾರ ಆ ಅಪಾಯಕ್ಕಿಂತ ದೊಡ್ಡದು, ಹೆದರಿ ಮಾತ್ರೆ ಬಿಡಬೇಡಿ. ರಕ್ತ ಕಂಡರೆ ಮಾತ್ರ ಅದೇ ವಾರ ಹೇಳಿ.

ಈಗ ದೊಡ್ಡಮ್ಮನ ಕಥೆಗೆ ಬರುತ್ತೇನೆ. ಸೊಸೆ ಅವರನ್ನು ಮೊದಲು ಕರೆದುಕೊಂಡು ಹೋದದ್ದು ಹತ್ತಿರದ ಒಂದು ಕ್ಲಿನಿಕ್‌ಗೆ. ಅಲ್ಲಿ ರಕ್ತ ನಿಲ್ಲುವ ಮಾತ್ರೆ ಬರೆದು ಕಳಿಸಿದರು. ಸ್ಕ್ಯಾನಿಂಗ್ ಇಲ್ಲ, ಪರೀಕ್ಷೆ ಇಲ್ಲ. ರಕ್ತ ನಿಂತಿತು. ರಕ್ತ ನಿಂತರೆ ಕಾಯಿಲೆ ಹೋಯಿತು ಅಂತ ಅಲ್ವಾ ನಾವು ತಿಳಿಯುವುದು. ಇನ್ನೂ ಒಂದೂವರೆ ತಿಂಗಳು ಹೋಯಿತು. ಮುಟ್ಟು ನಿಂತ ಹೆಂಗಸಿಗೆ ಕಾರಣ ಹುಡುಕದೆ ರಕ್ತ ನಿಲ್ಲುವ ಮಾತ್ರೆ ಕೊಡುವುದು, ಹೊಗೆ ಬರುತ್ತಿರುವ ಮನೆಯ ಕಿಟಕಿ ಮುಚ್ಚಿದ ಹಾಗೆ.

ಆಗಬೇಕಾದ್ದು ಇಷ್ಟೇ. ಮೊದಲು ಒಳಗಿನಿಂದ ಮಾಡುವ ಸ್ಕ್ಯಾನಿಂಗ್, ಅಂದರೆ ಯೋನಿಯ ಮೂಲಕ ಮಾಡುವ ಅಲ್ಟ್ರಾಸೌಂಡ್. ಅದರಲ್ಲಿ ಒಳಪದರದ ದಪ್ಪ ಅಳೆಯುತ್ತಾರೆ. ಮುಟ್ಟು ನಿಂತು ರಕ್ತ ಕಂಡವರಲ್ಲಿ ಅದು 4 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾಗಿದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಅದಕ್ಕಿಂತ ದಪ್ಪ ಇದ್ದರೆ, ಅಥವಾ ತೆಳುವಾಗಿದ್ದೂ ರಕ್ತ ಮತ್ತೆ ಮತ್ತೆ ಬರುತ್ತಿದ್ದರೆ, ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಪೈಪೆಲ್ ಅನ್ನುವ ಸ್ಟ್ರಾ ಥರದ ತೆಳು ಕೊಳವೆಯಿಂದ ಓಪಿಡಿಯಲ್ಲೇ ಚೂರು ತೆಗೆಯಬಹುದು. ಕೆಲವು ನಿಮಿಷದ ಕೆಲಸ, ಮುಟ್ಟಿನ ನೋವಿನಂಥ ನೋವು. ಅದರಲ್ಲಿ ಸರಿಯಾಗಿ ಸಿಗದಿದ್ದರೆ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ನೋಡುವ ಹಿಸ್ಟರೋಸ್ಕೋಪಿ, ಜೊತೆಗೆ ನಮ್ಮವರು "ಗರ್ಭಕೋಶ ಕ್ಲೀನ್ ಮಾಡಿಸೋದು" ಅನ್ನುವ ಡಿ ಅಂಡ್ ಸಿ. ದೊಡ್ಡಮ್ಮನ ಒಳಪದರ 17 ಮಿಲಿಮೀಟರ್ ಇತ್ತು.

ಆ 4 ಮಿಲಿಮೀಟರ್ ಲೆಕ್ಕ ರಕ್ತ ಕಂಡವರಿಗೆ ಮಾತ್ರ. ಇದನ್ನು ಒತ್ತಿ ಹೇಳುತ್ತೇನೆ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ, ರಕ್ತವೇ ಕಾಣದ ಹೆಂಗಸಿಗೆ ಒಳಪದರ 6 ಮಿಲಿಮೀಟರ್ ಅಂತ ಬಂದರೆ ಅದೊಂದೇ ಕಾರಣಕ್ಕೆ ಗಾಬರಿ ಬೇಡ. ಆ ಸಂಖ್ಯೆ ತೋರಿಸಿ "ಗರ್ಭಕೋಶ ತೆಗೆಸಿಬಿಡಿ" ಅಂದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ದೊಡ್ಡಮ್ಮ ಬಾಯಿ ಬಿಡದೆ ಇದ್ದುದಕ್ಕೆ ನಾಚಿಕೆ ಒಂದು ಕಾರಣ. ಇನ್ನೊಂದು ಕಾರಣ ನನಗೆ ಆಮೇಲೆ ಗೊತ್ತಾಯಿತು. "ಹೋದ್ರೆ ಕೋಶ ತೆಗೀತಾರೆ" ಅನ್ನುವ ಭಯ. ಈ ಭಯ ಎಲ್ಲಿಂದಲೋ ಹುಟ್ಟಿದ್ದಲ್ಲ. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯ ಲಂಬಾಣಿ ಮತ್ತು ದಲಿತ ಹೆಂಗಸರ ಕಥೆ ಹೊರಬಂತು. ಹೊಟ್ಟೆನೋವು, ಬಿಳಿಸೆರಗು ಅಂತ ಹೋದ ಚಿಕ್ಕ ವಯಸ್ಸಿನವರಿಗೆ ಕ್ಯಾನ್ಸರ್ ಆಗುತ್ತದೆ ಅಂತ ಹೆದರಿಸಿ ಗರ್ಭಕೋಶ ತೆಗೆದ ಪ್ರಕರಣಗಳು ಅವು. ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಮೂವರಿಗೆ ಆಗಲೇ ಗರ್ಭಕೋಶ ತೆಗೆದಾಗಿದೆ. ಅದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಖಾಸಗಿ ಆಸ್ಪತ್ರೆಗಳಲ್ಲಿ ಆದವು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು.

ಇದರ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ ಅನ್ನುವುದು ನನ್ನ ಅನಿಸಿಕೆ. 30ರ ಹರೆಯದ ಹೆಣ್ಣುಮಗಳಿಗೆ ಬೇಡದ ಆಪರೇಷನ್ ಆಗುತ್ತದೆ. ಅಂಡಾಶಯವನ್ನೂ ತೆಗೆದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ತೊಂದರೆ. ಅದನ್ನು ನೋಡಿದ ಊರಿನ 60ರ ಹೆಂಗಸು ನಿಜವಾಗಿ ರಕ್ತ ಕಂಡಾಗ ಆಸ್ಪತ್ರೆಯ ಕಡೆ ಮುಖ ಹಾಕುವುದಿಲ್ಲ. ಬೇಡದವರಿಂದ ತೆಗೆದರು, ಬೇಕಾದವರು ಓಡಿಹೋದರು. ಕ್ಯಾನ್ಸರ್ ಅನ್ನುವ ಪದವನ್ನು ಹೆದರಿಸಲು ಬಳಸಿದವರು ಆ ಪದದ ಮೇಲಿನ ನಂಬಿಕೆಯನ್ನೇ ಹಾಳು ಮಾಡಿದರು.

ರಕ್ತಸ್ರಾವಕ್ಕೆ ಗರ್ಭಕೋಶ ತೆಗೆಯಬೇಕು ಅಂತ ಯಾರಾದರೂ ಹೇಳಿದರೆ ಕೇಳಬೇಕಾದ್ದು ಒಂದು: ಒಳಪದರದ ಬಯಾಪ್ಸಿ ಆಗಿದೆಯಾ? ಬೇಡದ ಆಪರೇಷನ್‌ನಿಂದ ಈ ಪ್ರಶ್ನೆ ಉಳಿಸುತ್ತದೆ. ಬೇಕಾದ ಆಪರೇಷನ್ ತಪ್ಪಾಗಿ ಆಗದಂತೆಯೂ ಉಳಿಸುತ್ತದೆ. ಕ್ಯಾನ್ಸರ್ ಇದೆ ಅಂತ ಗೊತ್ತಿಲ್ಲದೆ ಮಾಮೂಲಿ ಆಪರೇಷನ್ ಮಾಡಿ, ಗರ್ಭಕೋಶವನ್ನು ಒಳಗೇ ತುಂಡು ಮಾಡಿ ತೆಗೆದರೆ ಕಾಯಿಲೆ ಹೊಟ್ಟೆಯೊಳಗೆ ಚೆಲ್ಲಬಹುದು. ಆಪರೇಷನ್ ಆದ ಮೇಲೆ ನಮ್ಮಲ್ಲಿ ಗರ್ಭಕೋಶವನ್ನು ಟ್ರೇಯಲ್ಲಿಟ್ಟು ಮನೆಯವರಿಗೆ ತೋರಿಸುವ ರೂಢಿ ಇದೆ. ತೋರಿಸಿದ್ದು ಆಮೇಲೆ ಲ್ಯಾಬಿಗೆ ಹೋಯಿತಾ, ರಿಪೋರ್ಟ್ ಯಾವಾಗ ಬರುತ್ತದೆ ಅಂತ ಕೇಳಿ. ಅದು ಪ್ಯಾಥಾಲಜಿಗೆ ಹೋಗಲೇಬೇಕು.

ಕ್ಯಾನ್ಸರ್ ಅಂತ ಖಚಿತವಾದರೆ ಮುಖ್ಯ ಚಿಕಿತ್ಸೆ ಆಪರೇಷನ್ನೇ. ಗರ್ಭಕೋಶ, ಎರಡೂ ಕಡೆಯ ಟ್ಯೂಬು ಮತ್ತು ಅಂಡಾಶಯ ತೆಗೆಯುತ್ತಾರೆ. ಹತ್ತಿರದ ದುಗ್ಧಗ್ರಂಥಿಗಳಿಗೆ, ಅಂದರೆ ಲಿಂಫ್ ನೋಡ್‌ಗಳಿಗೆ ಹರಡಿದೆಯಾ ಅಂತ ನೋಡುತ್ತಾರೆ. ಈಗ ಹಸಿರಾಗಿ ಹೊಳೆಯುವ ಬಣ್ಣ ಬಿಟ್ಟು, ಕ್ಯಾನ್ಸರ್ ಮೊದಲು ಹೋಗಿ ಕೂರುವ ಒಂದೆರಡು ಗ್ರಂಥಿಗಳನ್ನಷ್ಟೇ ಹುಡುಕಿ ತೆಗೆಯುವ ವಿಧಾನ ಬಂದಿದೆ. ಎಲ್ಲ ಗ್ರಂಥಿ ತೆಗೆದರೆ ಕಾಲು ಬಾತುಕೊಳ್ಳುವ ಕಷ್ಟ ಇದರಿಂದ ಕಡಿಮೆಯಾಯಿತು. ಶುರುವಿನ ಹಂತದಲ್ಲಿ ಸಣ್ಣ ತೂತು ಮಾಡಿ ಲ್ಯಾಪ್ರೋಸ್ಕೋಪಿಯಲ್ಲಿ ಮಾಡಿದರೂ ಹೊಟ್ಟೆ ಕೊಯ್ದು ಮಾಡಿದರೂ ಬದುಕುಳಿಯುವ ಲೆಕ್ಕ ಒಂದೇ ಅಂತ ದೊಡ್ಡ ಅಧ್ಯಯನಗಳು ತೋರಿಸಿವೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಹೀಗಲ್ಲ. ಅಲ್ಲಿ ಹೊಟ್ಟೆ ಕೊಯ್ದು ಮಾಡುವುದೇ ವಾಸಿ ಅಂತ 2018ರಲ್ಲಿ ಗೊತ್ತಾಯಿತು. ಹೆಸರು ಸರಿಯಾಗಿ ತಿಳಿದಿರಬೇಕು ಅಂತ ನಾನು ಮೊದಲೇ ಅಷ್ಟು ಹೇಳಿದ್ದು ಇದಕ್ಕೂ ಸೇರಿಯೇ.

ಕ್ಯಾನ್ಸರ್ ಗರ್ಭಕೋಶದೊಳಗೇ ಇರುವಾಗ ಸಿಕ್ಕಿದರೆ, ಅಮೆರಿಕದ ಲೆಕ್ಕದಲ್ಲಿ ನೂರರಲ್ಲಿ ಸುಮಾರು 95 ಮಂದಿ ಐದು ವರ್ಷ ದಾಟುತ್ತಾರೆ. ಶ್ವಾಸಕೋಶ, ಲಿವರ್ ತನಕ ಹೋದ ಮೇಲೆ ಸಿಕ್ಕಿದರೆ ಇಪ್ಪತ್ತೂ ಇಲ್ಲ. ಇಷ್ಟು ದೊಡ್ಡ ಅಂತರದ ನಡುವೆ ಹೆಚ್ಚಿನ ಸಲ ನಿಂತಿರುವುದು ಕೆಲವು ತಿಂಗಳ ಮೌನ.

ಆಪರೇಷನ್ ಆದ ಮೇಲೆ ಕೆಲವರಿಗೆ ಏನೂ ಬೇಡ. ಕೆಲವರಿಗೆ ಒಳಗಿನಿಂದ ರೇಡಿಯೇಷನ್ ಕೊಡುತ್ತಾರೆ, ಹಳ್ಳಿಯವರು "ಕರೆಂಟ್ ಕೊಡೋದು" ಅನ್ನುತ್ತಾರೆ. ದೊಡ್ಡಮ್ಮನಿಗೆ ಮೂರು ಸಲ ಕೊಟ್ಟರು, ಪ್ರತಿ ಸಲವೂ ಸಂಜೆಗೆ ಮನೆಗೆ ಬಂದರು. ಹೆಚ್ಚು ಹರಡಿದವರಿಗೆ ಕೀಮೋ. ಯಾರಿಗೆ ಎಷ್ಟು ಅಂತ ತೀರ್ಮಾನಿಸುವ ದಾರಿ ಕಳೆದ ಹತ್ತು ಹನ್ನೆರಡು ವರ್ಷದಲ್ಲಿ ಬದಲಾಗಿದೆ. ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುವ ಗೆಡ್ಡೆಗಳು ಜೀನ್ ಮಟ್ಟದಲ್ಲಿ ನಾಲ್ಕು ಬೇರೆ ಬೇರೆ ಗುಂಪು ಅಂತ 2013ರಲ್ಲಿ ಕಂಡುಕೊಂಡರು. ಒಂದು ಗುಂಪು ನೋಡಲು ಭಯಂಕರವಾಗಿದ್ದರೂ ಬಹಳ ಚೆನ್ನಾಗಿ ಗುಣವಾಗುತ್ತದೆ. ಪಿ53 ಅನ್ನುವ ಜೀನ್ ಕೆಟ್ಟಿರುವ ಗುಂಪು ಕಠಿಣ. 2023ರಲ್ಲಿ ಅಂತರರಾಷ್ಟ್ರೀಯ ವೈದ್ಯರ ಸಂಘಟನೆ ಫಿಗೋ ತನ್ನ ಹಂತದ ಲೆಕ್ಕಕ್ಕೇ ಈ ಗುಂಪುಗಳನ್ನು ಸೇರಿಸಿತು. ಅದೇ ವರ್ಷ, ಹರಡಿದ ಕ್ಯಾನ್ಸರ್‌ಗೆ ಕೀಮೋ ಜೊತೆ ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧ ಕೊಟ್ಟರೆ ಕಾಯಿಲೆ ಮತ್ತೆ ಬೆಳೆಯುವುದು ತಡವಾಗುತ್ತದೆ ಅಂತ ಎರಡು ದೊಡ್ಡ ಪ್ರಯೋಗಗಳು ತೋರಿಸಿದವು. ಡಿಎನ್‌ಎ ತಪ್ಪು ತಿದ್ದುವ ಶಕ್ತಿ ಕಳೆದುಕೊಂಡ ಗುಂಪಿನಲ್ಲಿ, ಆ ಹೊಲಿಗೆಯ ಹೆಣ್ಣುಮಗಳ ಮನೆತನದ ಥರದ ಗೆಡ್ಡೆಗಳಲ್ಲಿ, ಅದರ ಫಲ ಎಲ್ಲಕ್ಕಿಂತ ಚೆನ್ನಾಗಿತ್ತು. ಆ ಔಷಧದ ಬೆಲೆ ಸಾಮಾನ್ಯ ಕುಟುಂಬದ ಕೈಗೆ ಎಟುಕುವಂಥದ್ದಲ್ಲ. ಆಪರೇಷನ್, ರೇಡಿಯೇಷನ್‌ಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ನೆರವಾಗುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಇದೆ.

ಮಕ್ಕಳಾಗದ ಚಿಕ್ಕ ವಯಸ್ಸಿನವರಿಗೆ ಬಂದರೆ? ತೀರಾ ಶುರುವಿನ, ನಿಧಾನ ಬೆಳೆಯುವ ಜಾತಿಯದಾಗಿದ್ದು ಒಳಪದರ ದಾಟಿರದಿದ್ದರೆ, ಪ್ರೊಜೆಸ್ಟರಾನ್ ಮಾತ್ರೆ ಅಥವಾ ಆ ಹಾರ್ಮೋನ್ ಇರುವ ಲೂಪ್ ಹಾಕಿ, ಕೆಲವು ತಿಂಗಳಿಗೊಮ್ಮೆ ಬಯಾಪ್ಸಿ ಮಾಡುತ್ತಾ ಕಾಯಬಹುದು. ಹೀಗೆ ಮಗು ಪಡೆದವರು ಇದ್ದಾರೆ. ಅನುಭವ ಇರುವ ಕ್ಯಾನ್ಸರ್ ತಜ್ಞರ ಕಣ್ಣೆದುರೇ ಆಗಬೇಕಾದ ಕೆಲಸ ಇದು.

ಲಕ್ಷಣ ಇಲ್ಲದವರಲ್ಲಿ ಈ ಕ್ಯಾನ್ಸರ್ ಹುಡುಕುವ ಸಾಮೂಹಿಕ ಪರೀಕ್ಷೆ ಎಲ್ಲಿಯೂ ಇಲ್ಲ, ಬೇಕಾಗಿಯೂ ಇಲ್ಲ. ಇದಕ್ಕೆ ಬೇಕಾದ್ದು ಒಂದು ಪ್ರಶ್ನೆ. ಆ ಪ್ರಶ್ನೆ ಆಗಲೇ ನಮ್ಮ ಮನೆ ಬಾಗಿಲಿಗೆ ಬರುತ್ತಿದೆ ಅಂತ ಗೊತ್ತಾದಾಗ ನನಗೆ ಆಶ್ಚರ್ಯವಾಯಿತು. 30 ದಾಟಿದವರಿಗೆ ಸಕ್ಕರೆ, ಬಿಪಿ, ಬಾಯಿ, ಸ್ತನ, ಗರ್ಭಕಂಠದ ತಪಾಸಣೆಗೆ ಅಂತ ಆಶಾ ಕಾರ್ಯಕರ್ತೆಯರು ಒಂದು ಫಾರಂ ತುಂಬುತ್ತಾರೆ. ಅದರಲ್ಲಿ ಹೆಂಗಸರಿಗೆ ಮಾತ್ರ ಕೇಳುವ ಪ್ರಶ್ನೆಗಳಿವೆ. ಮುಟ್ಟು ನಿಂತ ಮೇಲೆ ರಕ್ತ ಕಂಡಿದೆಯಾ ಅನ್ನುವುದು ಅದರಲ್ಲೊಂದು. ಪ್ರಶ್ನೆ ಕಾಗದದ ಮೇಲಿದೆ. ಅದನ್ನು ಕೇಳುವುದು ಎಲ್ಲಿ? ಪಡಸಾಲೆಯಲ್ಲಿ ಮಗ ಟಿವಿ ನೋಡುತ್ತಾ ಕೂತಿರುವಾಗ, ಮೊಮ್ಮಗ ಪಕ್ಕದಲ್ಲಿರುವಾಗ ಕೇಳಿದರೆ 60 ವರ್ಷದ ಯಾವ ಹೆಂಗಸೂ ಹೌದು ಅನ್ನುವುದಿಲ್ಲ. ಹಿತ್ತಲಿಗೆ ಕರೆದು, ಇಬ್ಬರೇ ಇರುವಾಗ, ಬಟ್ಟೆಯಲ್ಲಿ ಕಂದು ಕಲೆ ಏನಾದರೂ ಕಂಡಿತ್ತಾ ಅಮ್ಮ ಅಂತ ಕೇಳಬೇಕು. ತಿಂಗಳಿಗೆ ಸಾವಿರಾರು ಕೆಲಸದ ಹೊರೆ, ಕಡಿಮೆ ಗೌರವಧನ ಇರುವ ಆಶಾಗೆ ಅಷ್ಟು ಹೊತ್ತು ಸಿಗುವಂತೆ ಮಾಡುವುದು ಸರ್ಕಾರದ ಜವಾಬ್ದಾರಿ. ರಕ್ತ ಹೌದು ಅಂದವರನ್ನು ತಾಲೂಕು ಆಸ್ಪತ್ರೆಗೆ ಕಳಿಸಿದಾಗ ಅಲ್ಲಿ ಒಳಗಿನ ಸ್ಕ್ಯಾನಿಂಗೂ ಪೈಪೆಲ್ ಕೊಳವೆಯೂ ಸಿಗುವಂತೆ ನೋಡಿಕೊಳ್ಳುವುದೂ ಅದರದ್ದೇ.

ದೊಡ್ಡಮ್ಮ ಅಷ್ಟರವರೆಗೆ ಕಾದು ಕೂತಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಬಂದ ವಯಸ್ಸಾದವರನ್ನು ಒಬ್ಬೊಬ್ಬರಾಗಿ ಅಡುಗೆಮನೆಗೆ ಕರೆಯುತ್ತಾರೆ, ಕೋಸಂಬರಿ ಕಟ್ಟಿಕೊಡುವ ನೆಪದಲ್ಲಿ. ಹೋದ ವರ್ಷ ಪಕ್ಕದ ಬೀದಿಯ ಒಬ್ಬರು ಬಹಳ ಹೊತ್ತು ಅಡುಗೆಮನೆಯಲ್ಲೇ ಉಳಿದರು. ಹೊರಗೆ ಬಂದಾಗ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮಾರನೇ ದಿನ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಇಬ್ಬರೂ ಜೊತೆಗೆ ಹೊರಟರು, ದೊಡ್ಡಮ್ಮನ ಕೈಯಲ್ಲಿ ತಮ್ಮದೇ ಹಳೆಯ ಆಸ್ಪತ್ರೆ ಫೈಲು ಇತ್ತು.